ಬಾಗಿಲು ಮುಚ್ಚಿಕೊಳ್ಳಲು ಎಷ್ಟು ನಿಮಿಷ?

ಡಿಸ್ನಿ ವರ್ಲ್ಡ್‌ಗೆ ಹೊರಟ ಕುಟುಂಬ ಮೊದಲು ರಜೆ ಹೊಂದಿಸಿಕೊಳ್ಳುತ್ತದೆ, ಆಮೇಲೆ ವಿಮಾನ ನೋಡುತ್ತದೆ, ಆಮೇಲೆ ಪಾರ್ಕಿನ ಟಿಕೆಟು. ಹೋಟೆಲಿನ ಸರದಿ ಕೊನೆಗೆ. ಹಗಲೆಲ್ಲ ಹೊರಗೇ ಇರುತ್ತೇವೆ, ರಾತ್ರಿ ತಲೆ ಇಡಲು ಒಂದು ಜಾಗ ಸಿಕ್ಕರೆ ಸಾಕು ಎನ್ನುವ ಮಾತು ಹೆಚ್ಚಿನವರ ಮಟ್ಟಿಗೆ ಸರಿಯೇ. ಆಟಿಸಂ ಇರುವ ಮಗುವನ್ನು ಕರೆದುಕೊಂಡು ಹೋಗುವವರು ಇದೇ ಲೆಕ್ಕ ಹಿಡಿದರೆ ಎರಡನೇ ದಿನಕ್ಕೇ ಕಷ್ಟ ಶುರುವಾಗುತ್ತದೆ. ಮಟಮಟ ಮಧ್ಯಾಹ್ನ, ಸದ್ದು, ಬಿಸಿಲು, ನೂಕುನುಗ್ಗಲು, ಮಿನುಗುವ ದೀಪ ಎಲ್ಲವೂ ಒಟ್ಟಿಗೆ ಮೈಮೇಲೆ ಬಂದು ಮಗು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟ ಗಳಿಗೆಯಲ್ಲಿ ಅಪ್ಪ ಅಮ್ಮನಿಗೆ ಬೇಕಾಗುವುದು ತಂಪಾದ, ಮಬ್ಬು ಬೆಳಕಿನ, ಮಗುವಿಗೆ ಆಗಲೇ ಪರಿಚಯವಾಗಿರುವ ಒಂದು ಕೋಣೆ. ಆ ಕೋಣೆ ತಲುಪಿ ಬಾಗಿಲು ಮುಚ್ಚಿಕೊಳ್ಳಲು ಎಷ್ಟು ನಿಮಿಷ ಬೇಕು? ದಾರಿಯಲ್ಲಿ ಎಷ್ಟು ಕಡೆ ಕಾಯಬೇಕು, ಎಷ್ಟು ವಾಹನ ಬದಲಿಸಬೇಕು? ಹೋಟೆಲು ಆರಿಸುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನು. ದರ, ಅಲಂಕಾರ, ಈಜುಕೊಳ, ಹೋಗಿಬಂದವರ ಹೊಗಳಿಕೆ ಇವೆಲ್ಲ ಆಮೇಲಿನ ಮಾತು.

ಕನ್ನಡಿಗರಿಗೆ ಇದು ದೂರದ ಸಂಗತಿಯೇನಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದು ಸಮೀಕ್ಷೆ ನಡೆಸುವ ಪ್ರದೇಶಗಳಲ್ಲಿ ಎಂಟು ವರ್ಷದ ಪ್ರತಿ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇರುವುದು ಗುರುತಾಗಿದೆ. ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾದ ಕನ್ನಡ ಮನೆಗಳೂ ಈ ಲೆಕ್ಕದ ಹೊರಗಿಲ್ಲ. ಊರಿನಿಂದ ಅಜ್ಜ ಅಜ್ಜಿ ಬಂದಾಗ, ಶಾಲೆಗೆ ಬೇಸಿಗೆ ರಜೆ ಸಿಕ್ಕಾಗ, ಡಿಸ್ನಿ ಪಾರ್ಕುಗಳಿರುವ ಆರ್ಲ್ಯಾಂಡೊ ಅಥವಾ ಆನಹೈಮ್‌ಗೆ ಹೋಗುವ ಮಾತು ಏಳುತ್ತದೆ. ಒಡಹುಟ್ಟಿದ ಮಕ್ಕಳಿಗೆ ಆಸೆ, ದೊಡ್ಡವರಿಗೆ ‘ಇವನನ್ನು ಕರೆದುಕೊಂಡು ಹೇಗಪ್ಪಾ’ ಎಂಬ ಅಳುಕು. ಅಳುಕಿ ಮನೆಯಲ್ಲೇ ಉಳಿದುಬಿಡುವ ಕುಟುಂಬಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜನಜಂಗುಳಿಯಲ್ಲಿ ಈ ಮಕ್ಕಳು ಪಡುವ ಪಾಡು ಎಷ್ಟು ತೀವ್ರವೋ, ತಮಗೆ ಪ್ರಿಯವಾದ ಒಂದು ರೈಲನ್ನೋ ಒಂದು ಪಾತ್ರವನ್ನೋ ಎದುರಿಗೇ ಕಂಡಾಗ ಪಡುವ ಸಂತೋಷವೂ ಅಷ್ಟೇ ತೀವ್ರ. ಪಾಡನ್ನು ಕಡಿಮೆ ಮಾಡುವ ದಾರಿಗಳಿವೆ. ಅವುಗಳಲ್ಲಿ ಅರ್ಧ ಪಾಲು ಹೋಟೆಲಿನ ಆಯ್ಕೆಯಲ್ಲೇ ಇದೆ.

ದೂರದ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯಿದೆ. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅವರ ಕೈಯಲ್ಲಿದ್ದದ್ದು ಸುಮಾರು 160 ಎಕರೆ. ಸುತ್ತಲಿನ ಜಾಗ ಕೊಳ್ಳಲು ದುಡ್ಡು ಸಾಲಲಿಲ್ಲ. ನೋಡನೋಡುತ್ತಿದ್ದಂತೆ ಪಾರ್ಕಿನ ಎದುರಿಗೇ ಬೇರೆಯವರ ಮೋಟೆಲುಗಳು ಸಾಲುಗಟ್ಟಿದವು. ಅದು ಅವರಿಗೆ ಹಿಡಿಸಲಿಲ್ಲ. ಆದ್ದರಿಂದ 1960ರ ದಶಕದ ನಡುವಿನಲ್ಲಿ ಫ್ಲಾರಿಡಾದ ಆರ್ಲ್ಯಾಂಡೊ ಬಳಿ, ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ ಗುಟ್ಟಾಗಿ, 27,000 ಎಕರೆಗೂ ಹೆಚ್ಚು ಜಮೀನು ಕೊಂಡರು. 1966ರಲ್ಲಿ ಅವರು ತೀರಿಕೊಂಡರು. ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದದ್ದು 1971ರ ಅಕ್ಟೋಬರ್ 1ರಂದು. ಅವರು ಬೇಡವೆಂದುಕೊಂಡ ಆ ಮೋಟೆಲುಗಳೇ ಇವತ್ತು ನಮ್ಮಂಥ ಪ್ರಶ್ನೆ ಕೇಳುವವರಿಗೆ ಆನಹೈಮ್‌ನ ದೊಡ್ಡ ಅನುಕೂಲ. ಹಾರ್ಬರ್ ಬೂಲೆವಾರ್ಡ್ ದಾಟಿದರೆ ಕೋಣೆ. ಹತ್ತು ನಿಮಿಷದ ಆಸುಪಾಸಿನ ನಡಿಗೆ, ಬಸ್ಸಿಗೆ ಕಾಯುವುದಿಲ್ಲ. ಡಿಸ್ನಿಯದೇ ಆದ ಗ್ರ್ಯಾಂಡ್ ಕ್ಯಾಲಿಫೋರ್ನಿಯನ್ ಹೋಟೆಲಿನಿಂದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನೊಳಕ್ಕೆ ನೇರ ದ್ವಾರವೇ ಇದೆ, ಆದರೆ ಅದರ ದರ ಎಲ್ಲರ ಕೈಗೆಟುಕುವಂಥದ್ದಲ್ಲ. ಮೊದಲ ಸಲ ಹೊರಡುವವರಿಗೆ, ಅದರಲ್ಲೂ ವಿಮಾನದ ಗೊಡವೆಯಿಲ್ಲದೆ ಕಾರಿನಲ್ಲೇ ಹೋಗಬಹುದಾದ ಬೇ ಏರಿಯಾದ ಕುಟುಂಬಗಳಿಗೆ, ನಾನು ಆನಹೈಮ್ ಎಂದೇ ಹೇಳುತ್ತೇನೆ.

ಆರ್ಲ್ಯಾಂಡೊದಲ್ಲಿ ಜಾಗ ಧಾರಾಳ, ಹಾಗಾಗಿಯೇ ಎಲ್ಲವೂ ದೂರ. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಸ್ವಂತ ಕಾರಿನಲ್ಲಿ ಹೋದವರು ನೇರವಾಗಿ ಪಾರ್ಕಿನ ಬಾಗಿಲಿಗೆ ಹೋಗುವುದೇ ಇಲ್ಲ. ಕಾರು ನಿಲ್ಲಿಸಿ, ಟ್ರ್ಯಾಮ್ ಹತ್ತಿ ಅಥವಾ ನಡೆದು, ಟಿಕೆಟ್ ಕೇಂದ್ರಕ್ಕೆ ಬಂದು, ಅಲ್ಲಿಂದ ಮಾನೊರೈಲನ್ನೋ ದೊಡ್ಡ ದೋಣಿಯನ್ನೋ ಹಿಡಿದು ಸರೋವರ ದಾಟಿದರೆ ದ್ವಾರ. ಬೆಳಗ್ಗೆ ಇದೆಲ್ಲ ಸೊಗಸೇ. ಸೋತು ಸುಣ್ಣವಾದ, ಕಿರುಚುತ್ತಿರುವ ಮಗುವನ್ನು ಎತ್ತಿಕೊಂಡು ಇದನ್ನೇ ಹಿಂದುಮುಂದಾಗಿ ಮಾಡಬೇಕಾದಾಗ ಒಂದೊಂದು ಹಂತವೂ ಪರೀಕ್ಷೆ. ನಮ್ಮ ಜನ ಇಷ್ಟಪಡುವ ವ್ಯವಸ್ಥೆಯೆಂದರೆ ಎರಡು ಮೂರು ಕುಟುಂಬ ಸೇರಿ ಕಿಸ್ಸಿಮ್ಮಿ ಅಥವಾ ಡ್ಯಾವೆನ್‌ಪೋರ್ಟ್ ಕಡೆ ಒಂದು ದೊಡ್ಡ ಬಾಡಿಗೆ ಮನೆ ಹಿಡಿಯುವುದು. ಅಡುಗೆಮನೆ ಇರುತ್ತದೆ, ಬಟ್ಟೆ ಒಗೆಯುವ ಯಂತ್ರ ಇರುತ್ತದೆ, ಮಗುವಿಗೆ ಪ್ರತ್ಯೇಕ ಕೋಣೆ ಸಿಗುತ್ತದೆ, ಪಕ್ಕದ ಗೋಡೆಯ ಆಚೆ ಅಪರಿಚಿತರು ಇರುವುದಿಲ್ಲ. ಇವೆಲ್ಲ ನಿಜವಾದ ಲಾಭಗಳು. ಆದರೆ ಮಧ್ಯಾಹ್ನ ಎರಡು ಗಂಟೆಗೆ ಆ ಮನೆಗೆ ಬಂದು ನಾಲ್ಕಕ್ಕೆ ಮತ್ತೆ ಪಾರ್ಕಿಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಅರ್ಧ ದಿನ ಪಾರ್ಕು, ಮಿಕ್ಕರ್ಧ ಮನೆ, ಒಂದು ದಿನ ಬಿಟ್ಟು ಒಂದು ದಿನ ಪೂರ್ತಿ ವಿಶ್ರಾಂತಿ ಎಂದು ಒಪ್ಪಿಕೊಂಡು ಹೋಗುವವರಿಗೆ ಮಾತ್ರ ಬಾಡಿಗೆ ಮನೆ ಒಳ್ಳೆಯದು. ಇನ್ನೊಂದು ಎಚ್ಚರ, ಅದು ಈಜುಕೊಳದ್ದು. ಅದರ ಮಾತು ಮುಂದೆ ಬರುತ್ತದೆ.

ಡಿಸ್ನಿಯ ಸ್ವಂತ ಹೋಟೆಲುಗಳನ್ನು ಕಂಪನಿ ವ್ಯಾಲ್ಯೂ, ಮಾಡರೇಟ್, ಡಿಲಕ್ಸ್ ಎಂದು ದರದ ಮೇಲೆ ವಿಂಗಡಿಸಿದೆ. ನಮ್ಮ ಕೆಲಸಕ್ಕೆ ಆ ವಿಂಗಡಣೆ ಹೆಚ್ಚು ಸಹಾಯ ಮಾಡುವುದಿಲ್ಲ. ಕೋಣೆಯಿಂದ ಪಾರ್ಕಿಗೆ ಹೇಗೆ ಹೋಗುತ್ತೇವೆ ಎಂಬುದರ ಮೇಲೆ ನೋಡಬೇಕು. 1971ರಲ್ಲೇ ತೆರೆದ ಕಂಟೆಂಪರರಿ ಹೋಟೆಲಿನಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ಸುಮಾರು ಹತ್ತು ನಿಮಿಷದ ಕಾಲುದಾರಿ. ಕೈಹಿಡಿದೋ ಗಾಡಿಯಲ್ಲಿ ಕೂರಿಸಿಯೋ ನಡೆದುಬಿಡಬಹುದು. ಯಾರಿಗೂ ಕಾಯಬೇಕಿಲ್ಲ, ಯಾರ ಪಕ್ಕದಲ್ಲೂ ಕೂರಬೇಕಿಲ್ಲ. ಅದರ ಇನ್ನೊಂದು ವಿಶೇಷ, ಮಾನೊರೈಲು ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುತ್ತದೆ. ರೈಲೆಂದರೆ ಪ್ರಾಣ ಬಿಡುವ ಮಕ್ಕಳು ಆಟಿಸಂ ಇರುವವರಲ್ಲಿ ಬಹಳ. ಅಂಥ ಮಗುವಿಗೆ ಈ ಹೋಟೆಲೇ ಪಾರ್ಕು. ಹೋಟೆಲುಗಳನ್ನು ಸುತ್ತುವ ಮಾನೊರೈಲು ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೊರಿಡಿಯನ್‌ಗಳ ಮೂಲಕ ಸುತ್ತು ಹಾಕಿ ಬರುತ್ತದೆ, ಹತ್ತಲು ಟಿಕೆಟು ಬೇಡ. ಇಡೀ ಬೆಳಗು ಅದರಲ್ಲೇ ಕಳೆದರೂ ಪ್ರವಾಸ ಸಾರ್ಥಕವೇ. ಕೊಟ್ಟ ದುಡ್ಡಿಗೆ ಎಲ್ಲ ಸವಾರಿಗಳನ್ನೂ ಮುಗಿಸಬೇಕೆಂಬ ಹಟ ದೊಡ್ಡವರದು, ಮಗುವಿನದಲ್ಲ. ಆದರೆ ಸದ್ದಿಗೆ ಬೆಚ್ಚುವ ಮಗುವಿಗೆ ಇದೇ ಕಂಟೆಂಪರರಿ ಕಷ್ಟ. ಒಳಾಂಗಣ ಎತ್ತರವಾದ ಒಂದೇ ಬಯಲು, ಕೆಳಗೆ ಪಾತ್ರಗಳು ಬಂದು ಕುಣಿಯುವ ಊಟದ ಮನೆ, ರಾತ್ರಿ ಎದುರಿಗೇ ಬಾಣಬಿರುಸು.

ಎಪ್ಕಾಟ್ ಪಾರ್ಕಿನ ಹಿಂಬಾಗಿಲಿನ ಬಳಿಯಿರುವ ಬೀಚ್ ಕ್ಲಬ್, ಯಾಟ್ ಕ್ಲಬ್, ಬೋರ್ಡ್‌ವಾಕ್ ಹೋಟೆಲುಗಳಿಗೂ ನಡಿಗೆಯ ಅನುಕೂಲವಿದೆ. ಹಾಲಿವುಡ್ ಸ್ಟುಡಿಯೋಸ್‌ಗೂ ಮನಸ್ಸು ಮಾಡಿದರೆ ನಡೆಯಬಹುದು. ಇಷ್ಟು ದುಡ್ಡು ಹಾಕಲಾಗದವರಿಗೆ 2019ರಲ್ಲಿ ಬಂದ ಸ್ಕೈಲೈನರ್ ಎಂಬ ತಂತಿದಾರಿ ಒಂದು ವರ. ಪಾಪ್ ಸೆಂಚುರಿ, ಆರ್ಟ್ ಆಫ್ ಆನಿಮೇಷನ್, ಕೆರಿಬಿಯನ್ ಬೀಚ್ ಹೋಟೆಲುಗಳಿಂದ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಅದು ಹೋಗುತ್ತದೆ. ತೊಟ್ಟಿಲುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುವುದರಿಂದ ಸಾಲು ಉದ್ದವಿದ್ದರೂ ಜರುಗುತ್ತಿರುತ್ತದೆ, ನಿಂತಲ್ಲೇ ನಿಲ್ಲಬೇಕಾದ ಹಿಂಸೆ ಕಡಿಮೆ. ಬಸ್ಸಿನ ಹಾಗೆ ನಲವತ್ತು ಮಂದಿಯ ನಡುವೆ ಸಿಕ್ಕಿಕೊಳ್ಳಬೇಕಿಲ್ಲ. ಎರಡು ಮಾತು ಮೊದಲೇ ಗೊತ್ತಿರಲಿ: ಅದರಲ್ಲಿ ಎ.ಸಿ. ಇಲ್ಲ, ಸಿಡಿಲು ಬಂದರೆ ನಿಲ್ಲಿಸುತ್ತಾರೆ. ಫ್ಲಾರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ ಹೆಚ್ಚುಕಡಿಮೆ ದಿನನಿತ್ಯದ್ದು. ಆಗ ಈಜುಕೊಳದಿಂದಲೂ ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಾರೆ. ನೀರಿನಿಂದ ಹಠಾತ್ತನೆ ಎಬ್ಬಿಸುವುದು ಕೆಲವು ಮಕ್ಕಳಿಗೆ ಬಾಣಬಿರುಸಿಗಿಂತ ದೊಡ್ಡ ಆಘಾತ. ‘ಮಧ್ಯಾಹ್ನ ಮಳೆ ಬರುತ್ತದೆ, ಆಗ ನೀರಾಟ ಇಲ್ಲ’ ಎಂದು ಮಗುವಿಗೆ ದಿನದ ಕ್ರಮ ತೋರಿಸುವ ಚಿತ್ರದ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು ಬೇಸಿಗೆಯಲ್ಲಿ ಹೋಗುವವರಿಗೆ ತುಂಬ ಮುಖ್ಯ.

ಬಸ್ಸೊಂದನ್ನೇ ನಂಬಿದ ಹೋಟೆಲುಗಳೆಲ್ಲ ಕೆಟ್ಟವೆಂದೇನೂ ಅಲ್ಲ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅದೇ ಹೆಸರಿನ ಪಾರ್ಕೊಂದನ್ನು ಬಿಟ್ಟು ಉಳಿದ ಪಾರ್ಕುಗಳಿಂದ ದೂರ. ಆದರೆ ಅಲ್ಲಿ ಮಂದ ಬೆಳಕು, ಮರದ ಕೆಲಸ, ಹುಲ್ಲುಗಾವಲಿನ ಕಡೆಗಿನ ಕೋಣೆ ಹಿಡಿದರೆ ಬಾಲ್ಕನಿಯಿಂದಲೇ ಜಿರಾಫೆ, ಜೀಬ್ರಾ. ಪ್ರಾಣಿಗಳನ್ನು ಗಂಟೆಗಟ್ಟಲೆ ನೋಡುತ್ತ ಕೂರಬಲ್ಲ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಆರ್ಲ್ಯಾಂಡೊದಲ್ಲಿ ಇನ್ನೊಂದಿಲ್ಲ. ಮಗುವಿನ ಬೇಗುದಿ ತಣಿಸುವ ವಸ್ತು ಕೋಣೆಯಲ್ಲೇ ಇರುವಾಗ ಪಾರ್ಕಿಗೆ ಹೋಗಿಬರುವ ಪ್ರಸಂಗಗಳೇ ಕಡಿಮೆಯಾಗುತ್ತವೆ. ಫೋರ್ಟ್ ವಿಲ್ಡರ್‌ನೆಸ್‌ನ ಕ್ಯಾಬಿನ್‌ಗಳದೂ ಇದೇ ಬಗೆಯ ಕೊಡುಕೊಳೆ. 2024ರಲ್ಲಿ ಹೊಸದಾಗಿ ಕಟ್ಟಿದ ಈ ಪುಟ್ಟ ಮನೆಗಳಿಗೆ ಯಾರೊಂದಿಗೂ ಹಂಚಿಕೊಂಡ ಗೋಡೆಯಿಲ್ಲ, ಮೇಲೆ ಯಾರೂ ನಡೆಯುವುದಿಲ್ಲ, ಒಳಗೆ ಪೂರ್ತಿ ಅಡುಗೆಮನೆ. ರಾತ್ರಿ ಎರಡು ಗಂಟೆಗೆ ಎದ್ದು ಕುಣಿಯುವ, ಕೂಗುವ ಮಗುವಿನ ಅಪ್ಪ ಅಮ್ಮನಿಗೆ, ‘ಪಕ್ಕದವರು ಏನೆಂದುಕೊಂಡಾರು’ ಎಂಬ ಭಯವೇ ಅರ್ಧ ನಿದ್ದೆ ಕೆಡಿಸುವುದು. ಆ ಭಯ ಇಲ್ಲಿಲ್ಲ. ಆದರೆ ಕಾಡಿನೊಳಗಿನ ಬಸ್ಸು ಹಿಡಿದು, ಅಲ್ಲಿಂದ ಪಾರ್ಕಿನ ಬಸ್ಸನ್ನೋ ದೋಣಿಯನ್ನೋ ಹಿಡಿಯಬೇಕು. ನಿದ್ದೆ ಮುಖ್ಯವೋ ದಾರಿ ಮುಖ್ಯವೋ ಎಂಬುದನ್ನು ಆಯಾ ಮಗುವನ್ನು ನೋಡಿಯೇ ನಿರ್ಧರಿಸಬೇಕು.

ವ್ಯಾಲ್ಯೂ ವರ್ಗದ ಆಲ್ ಸ್ಟಾರ್, ಪಾಪ್ ಸೆಂಚುರಿ ಹೋಟೆಲುಗಳಲ್ಲಿ ಕೋಣೆಯ ಅಳತೆ ಸುಮಾರು 260 ಚದರಡಿ. ಬಾಗಿಲು ತೆರೆದರೆ ನೇರ ಹೊರಗಿನ ಮೊಗಸಾಲೆ. ಲಿಫ್ಟು, ಉದ್ದನೆಯ ಮುಚ್ಚಿದ ಕಾರಿಡಾರು ಎಂದರೆ ಹೆದರುವ ಮಗುವಿಗೆ ಇದು ಅನುಕೂಲ. ಬಾಗಿಲು ತೆರೆದದ್ದೇ ಓಡುವ ಮಗುವಿಗೆ ಅಪಾಯ. ಆರ್ಟ್ ಆಫ್ ಆನಿಮೇಷನ್‌ನ ಫ್ಯಾಮಿಲಿ ಸ್ವೀಟುಗಳನ್ನು ನಾನು ಹೆಚ್ಚು ಶಿಫಾರಸು ಮಾಡುತ್ತೇನೆ: ಸುಮಾರು 565 ಚದರಡಿ, ಎರಡು ಬಚ್ಚಲು, ಬಾಗಿಲು ಹಾಕಿಕೊಳ್ಳಬಹುದಾದ ಮಲಗುವ ಕೋಣೆ, ಮೈಕ್ರೊವೇವ್, ಒಳಗಿನ ಕಾರಿಡಾರು. ಕಾರ್ಸ್, ನೀಮೊ, ಲಯನ್ ಕಿಂಗ್ ಎಂದು ಬೇರೆ ಬೇರೆ ಭಾಗಗಳಿರುವುದರಿಂದ ಮಗು ಮನೆಯಲ್ಲಿ ನೂರು ಸಲ ನೋಡಿದ ಚಿತ್ರದ ಭಾಗವನ್ನೇ ಹಿಡಿಯಬಹುದು. ಗೊತ್ತಿರುವ ಮುಖಗಳು ಹೊಸ ಜಾಗದ ಅಂಜಿಕೆ ಕಡಿಮೆ ಮಾಡುತ್ತವೆ.

ಡಿಸ್ನಿಯದಲ್ಲದ ಯೂನಿವರ್ಸಲ್ ಆರ್ಲ್ಯಾಂಡೊದಲ್ಲಿ ಲೆಕ್ಕ ಸರಳ. ಅಲ್ಲಿನ ಮೊದಲ ಎರಡು ಪಾರ್ಕುಗಳೂ ಹಳೆಯ ಹೋಟೆಲುಗಳೂ ಒತ್ತೊತ್ತಾಗಿವೆ. ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಈ ಮೂರರಲ್ಲಿ ತಂಗುವವರಿಗೆ ಆ ಎರಡು ಪಾರ್ಕುಗಳ ಎಕ್ಸ್‌ಪ್ರೆಸ್ ಪಾಸ್ ಕೋಣೆಯ ದರದಲ್ಲೇ ಸೇರಿರುತ್ತದೆ. ಸಾಲಿನಲ್ಲಿ ನಿಲ್ಲಲಾಗದ ಮಗುವಿನ ಮನೆಯವರು ಯಾರಿಗೂ ಏನನ್ನೂ ವಿವರಿಸದೆ, ಯಾವ ಕಾಗದವನ್ನೂ ತೋರಿಸದೆ ಬೇಗ ಒಳಗೆ ಹೋಗಬಹುದೆಂದರೆ, ಅದರ ಬೆಲೆ ಬರಿಯ ನಿಮಿಷಗಳದ್ದಲ್ಲ. ಹಾರ್ಡ್ ರಾಕ್ ತೀರ ಹತ್ತಿರವಿದ್ದರೂ ಅದು ಸಂಗೀತದ ಹೋಟೆಲು, ಈಜುಕೊಳದ ನೀರಿನೊಳಗೂ ಹಾಡು ಕೇಳಿಸುತ್ತದೆ. ಕಬಾನಾ ಬೇಯಲ್ಲಿ ಪುಟ್ಟ ಅಡುಗೆ ಕಟ್ಟೆಯಿರುವ ಸ್ವೀಟುಗಳು ಕಡಿಮೆ ದರಕ್ಕೆ ಸಿಗುತ್ತವೆ, ಜನಸಂದಣಿ ಮಾತ್ರ ಹೆಚ್ಚು. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಪಾರ್ಕು ಬೇರೆಡೆಯಿದೆ. ಅದಕ್ಕಂಟಿದ ಹೀಲಿಯೋಸ್ ಹೋಟೆಲಿನಿಂದ ಪಾರ್ಕಿಗೆ ಸ್ವಂತ ದ್ವಾರವುಂಟು.

ಸಣ್ಣ ಮಕ್ಕಳಿಗಾದರೆ ಆರ್ಲ್ಯಾಂಡೊದಿಂದ ಒಂದು ಗಂಟೆ ದೂರದ ವಿಂಟರ್ ಹೇವನ್‌ನ ಲೆಗೊಲ್ಯಾಂಡ್‌ ಬಗ್ಗೆ ಗಂಭೀರವಾಗಿ ಯೋಚಿಸಬೇಕು. 2015ರಲ್ಲಿ ತೆರೆದ ಅಲ್ಲಿನ ಹೋಟೆಲು ಪಾರ್ಕಿನ ದ್ವಾರದ ಎದುರಿಗೇ ಇದೆ. ಮಕ್ಕಳಿಗೆ ಅಟ್ಟದ ಮಂಚವಿರುವ ಪ್ರತ್ಯೇಕ ಮೂಲೆ, ಕೋಣೆಯಲ್ಲೇ ಆಡಲು ಲೆಗೊ ತುಂಡುಗಳು. ಪಾರ್ಕು ಸಂಜೆಗೇ ಮುಚ್ಚುವುದರಿಂದ ದಿನಕ್ಕೊಂದು ಮಿತಿ ತಾನಾಗಿ ಬರುತ್ತದೆ. ಲಿಫ್ಟಿನೊಳಗೆ ಮಾತ್ರ ಡಿಸ್ಕೊ ದೀಪ, ಹಾಡು. ಒಂದು ಮಗು ಅದರಲ್ಲೇ ಇಡೀ ದಿನ ಮೇಲೆ ಕೆಳಗೆ ಓಡಾಡಲು ಬಯಸಿದರೆ ಇನ್ನೊಂದು ಮಗು ಅದರ ಬಾಗಿಲ ಬಳಿಯೇ ಸುಳಿಯುವುದಿಲ್ಲ. ಆ ಎರಡನೇ ಮಗುವಿಗಾಗಿ ಮೆಟ್ಟಿಲ ಹತ್ತಿರದ ಕೆಳಮಹಡಿಯ ಕೋಣೆ ಕೇಳಿಕೊಳ್ಳಿ.

ಒಂದೇ ಲಿಫ್ಟು ಎರಡು ಮಕ್ಕಳಿಗೆ ಎರಡು ಬಗೆಯಾಗುತ್ತದೆಂಬುದು ಈ ಇಡೀ ವಿಷಯದ ತಿರುಳು. ಇಂದ್ರಿಯಗಳಿಗೆ ತಾಗುವುದು ಅತಿಯಾಗಿಯೋ ತೀರ ಕಡಿಮೆಯಾಗಿಯೋ ಇರುವುದನ್ನು ಮನೋವೈದ್ಯರು ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ತಂದೆತಾಯಿಗೆ ಅದು ಮೊದಲೇ ಗೊತ್ತಿತ್ತು. ಮಗುವಿನ ಆಕ್ಯುಪೇಶನಲ್ ಥೆರಪಿಸ್ಟ್ ಜತೆ ಒಂದು ಗಂಟೆ ಕೂತು ಯಾವ ಸದ್ದು, ಯಾವ ವಾಸನೆ, ಯಾವ ಬೆಳಕು ಎಂದು ಬರೆದುಕೊಂಡರೆ ಅದು ಯಾವ ಪ್ರವಾಸ ಪುಸ್ತಕಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಹಾಳೆ ಕೈಯಲ್ಲಿಲ್ಲದೆ ‘ಆಟಿಸಂ ಮಕ್ಕಳಿಗೆ ಯಾವ ಹೋಟೆಲು ಒಳ್ಳೆಯದು’ ಎಂದು ಕೇಳಿದರೆ ಸಿಗುವ ಉತ್ತರ ಬೇರೆ ಯಾರದೋ ಮಗುವಿನದು.

ಈಗ ಸುರಕ್ಷತೆಯ ಮಾತು. ಇದನ್ನು ಬೇಗ ದಾಟಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. 2012ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಶೇ. 49ರಷ್ಟು ಮಂದಿ ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಲು ಪ್ರಯತ್ನಿಸಿದ್ದರೆಂದು ಮನೆಯವರು ತಿಳಿಸಿದ್ದರು. ಹಾಗೆ ಹೋದ ಮಕ್ಕಳಿಗೆ ದೊಡ್ಡ ಅಪಾಯ ನೀರು. ಅನೇಕ ಮಕ್ಕಳಿಗೆ ನೀರಿನ ಸೆಳೆತವೇ ಹಾಗೆ. ಥೀಮ್ ಪಾರ್ಕಿನ ಹೋಟೆಲೆಂದರೆ ಸುತ್ತ ಕೆರೆ, ಕಾಲುವೆ, ಈಜುಕೊಳ. ಫ್ಲಾರಿಡಾದ ಕಾನೂನು 2000ದ ಅಕ್ಟೋಬರ್‌ನಿಂದ ಈಚೆಗೆ ಕಟ್ಟಿದ ಮನೆ ಈಜುಕೊಳಗಳಿಗೆ ಬೇಲಿ, ಹೊದಿಕೆ, ಬಾಗಿಲಿನ ಅಲಾರ್ಮ್‌ನಂಥ ಯಾವುದಾದರೂ ಒಂದು ರಕ್ಷಣೆ ಇರಲೇಬೇಕೆನ್ನುತ್ತದೆ, ಹಳೆಯ ಮನೆಗಳಿಗೆ ಅದು ಅನ್ವಯಿಸದೆ ಇರಬಹುದು. ಬಾಡಿಗೆ ಮನೆಯ ಒಡೆಯರಿಗೆ ‘ಈಜುಕೊಳದ ಸುತ್ತ ಬೇಲಿ ಇದೆಯೇ, ಫೋಟೊ ಕಳಿಸಿ’ ಎಂದು ದುಡ್ಡು ಕಟ್ಟುವ ಮುಂಚೆ ಕೇಳಬೇಕು. ಹೋಟೆಲಿನಲ್ಲಿ ಒಳಚಿಲಕ ಎಷ್ಟು ಎತ್ತರದಲ್ಲಿದೆ, ಬಾಲ್ಕನಿ ಇದೆಯೇ, ಅದರ ಬಾಗಿಲಿಗೆ ಮೇಲೊಂದು ಚಿಲಕ ಇದೆಯೇ, ನೆಲಮಹಡಿಯ ಕೋಣೆಯಾದರೆ ಹಿಂಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದನ್ನೆಲ್ಲ ಫೋನಿನಲ್ಲೇ ಕೇಳಿ ತಿಳಿಯಬಹುದು. ಬಾಗಿಲು ತೆರೆದರೆ ಕೂಗುವ, ಅಂಗೈಯಗಲದ ಬ್ಯಾಟರಿ ಅಲಾರ್ಮ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಮೊದಲು ಇಡಿ, ಬಟ್ಟೆ ಆಮೇಲೆ.

ಮಹಡಿಯ ಆಯ್ಕೆಯಲ್ಲಿ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಮೇಲ್ಮಹಡಿಯಲ್ಲಿ ತಲೆಯ ಮೇಲೆ ಯಾರೂ ನಡೆಯುವುದಿಲ್ಲ, ಆದರೆ ಕುಣಿಯುವ ಮಗುವಿದ್ದರೆ ಕೆಳಗಿನವರು ದೂರು ಕೊಡುತ್ತಾರೆ. ನೆಲಮಹಡಿ ಕುಣಿತಕ್ಕೆ ಒಳ್ಳೆಯದು, ಓಡುವವನಿಗೆ ಅಲ್ಲ. ಲಿಫ್ಟು ಮತ್ತು ಐಸ್ ಯಂತ್ರದಿಂದ ದೂರವಿರುವ ಮೂಲೆ ಕೋಣೆ ಮಾತ್ರ ಯಾವಾಗಲೂ ವಾಸಿ. ಎರಡು ಕೋಣೆಗಳ ನಡುವೆ ಬಾಗಿಲಿರುವ ಜೋಡಿ ಕೋಣೆಯನ್ನು ಎರಡೂ ನಿಮ್ಮದಾದರೆ ಮಾತ್ರ ಹಿಡಿಯಿರಿ. ಆಚೆಗೆ ಅಪರಿಚಿತರಿದ್ದರೆ ಆ ಬಾಗಿಲಿನ ಸಂದಿನಿಂದ ಅವರ ಟಿ.ವಿ. ಇಡೀ ರಾತ್ರಿ ಕೇಳಿಸುತ್ತದೆ. ಇಂಥ ಬೇಡಿಕೆಗಳನ್ನು ಹೋಟೆಲಿನವರು ಬರೆದುಕೊಳ್ಳುತ್ತಾರೆ, ಮಾತು ಕೊಡುವುದಿಲ್ಲ. ಹಾಗಾಗಿ ಹತ್ತು ಬೇಡಿಕೆ ಬರೆಯದೆ ಒಂದೋ ಎರಡೋ ಬರೆದು, ಯಾಕೆ ಬೇಕೆಂಬುದನ್ನೂ ಒಂದು ಸಾಲಿನಲ್ಲಿ ಹೇಳುವುದು ಫಲ ಕೊಡುತ್ತದೆ.

ಬಚ್ಚಲಿನ ವಿಷಯ ಯಾರೂ ಬರೆಯುವುದಿಲ್ಲ, ನಮ್ಮ ಮನೆಗಳಿಗೆ ಅದು ಬಹಳ ದೊಡ್ಡದು. ಪಾರ್ಕಿನ ಶೌಚಾಲಯಗಳಲ್ಲಿ ತಾನೇ ಫ್ಲಶ್ ಆಗುವ ಕಮೋಡು, ಗುಡುಗುಡು ಎನ್ನುವ ಕೈ ಒಣಗಿಸುವ ಯಂತ್ರ. ಒಮ್ಮೆ ಹೆದರಿದ ಮಗು ಇಡೀ ದಿನ ಕಟ್ಟಿಕೊಂಡು ಕೂರುತ್ತದೆ. ಸೆನ್ಸರಿನ ಮೇಲೆ ಒಂದು ಅಂಟುಚೀಟಿ ಹಚ್ಚಿದರೆ ಅದು ಸುಮ್ಮನಾಗುತ್ತದೆ. ಆದರೂ ಹಲವರಿಗೆ ಹೋಟೆಲಿನ ಸದ್ದಿಲ್ಲದ ಬಚ್ಚಲೇ ಆಶ್ರಯ, ದೂರದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಬಕೆಟ್ಟು, ಚೊಂಬಿನ ಸ್ನಾನಕ್ಕೆ ಒಗ್ಗಿದ, ಊರಿನಿಂದ ಬಂದ ಮಗುವಿಗೆ ಗೋಡೆಗೆ ಕಚ್ಚಿಕೊಂಡ ಷವರಿನ ನೀರು ಸೂಜಿ ಚುಚ್ಚಿದಂತಾಗುತ್ತದೆ. ಗಾಲಿಕುರ್ಚಿ ಬಳಸುವವರಿಗೆಂದು ಮೀಸಲಿಟ್ಟ ಕೋಣೆಗಳಲ್ಲಿ ಕೈಯಲ್ಲಿ ಹಿಡಿಯುವ ಷವರು ಇರುತ್ತದೆ, ಆದರೆ ಅದು ನಿಜವಾಗಿ ಬೇಕಾದವರ ಪಾಲನ್ನು ನಾವು ಕಿತ್ತುಕೊಳ್ಳಬಾರದು. ಒಂದು ಪ್ಲಾಸ್ಟಿಕ್ ಚೊಂಬು ಒಯ್ದರೆ ಸ್ನಾನಕ್ಕೂ ಆಯಿತು, ಶೌಚಕ್ಕೂ ಆಯಿತು.

ಊಟವೂ ಹಾಗೆಯೇ. ನಾಲ್ಕೇ ಬಗೆ ತಿನ್ನುವ ಮಗು ಹೊಸ ಊರಿನಲ್ಲಿ ಎರಡಕ್ಕೆ ಇಳಿಯುತ್ತದೆ. ಡಿಸ್ನಿ ಹೋಟೆಲಿನ ಎಲ್ಲ ಕೋಣೆಗಳಲ್ಲೂ ಸಣ್ಣ ಫ್ರಿಜ್ ಇದೆ, ಮೊಸರಿಗೆ ಅಷ್ಟು ಸಾಕು. ವ್ಯಾಲ್ಯೂ ವರ್ಗದ ಸಾಮಾನ್ಯ ಕೋಣೆಯಲ್ಲಿ ಮೈಕ್ರೊವೇವ್ ಇರುವುದಿಲ್ಲ, ಕೆಳಗಿನ ಊಟದ ಅಂಗಳಕ್ಕೆ ಹೋಗಬೇಕು. ಅನ್ನ ಬೇಯಿಸಲೇಬೇಕೆನ್ನುವವರು ಅಡುಗೆಮನೆಯಿರುವ ವಿಲ್ಲಾ ಹಿಡಿಯಲಿ. ಸಾಮಾನ್ಯ ಕೋಣೆಯಲ್ಲಿ ಕದ್ದು ಒಗ್ಗರಣೆ ಹಾಕಿ ಹೊಗೆಯ ಅಲಾರ್ಮ್ ಬಡಿದುಕೊಂಡರೆ, ಆ ಸದ್ದಿಗೆ ಮಗು ಆ ಕೋಣೆಯನ್ನೇ ಮತ್ತೆ ನಂಬುವುದಿಲ್ಲ. ಪಾರ್ಕಿನೊಳಗೆ ಮನೆಯ ಊಟ ಒಯ್ಯಲು ಡಿಸ್ನಿಯಲ್ಲಿ ಅವಕಾಶವಿದೆ, ಸಂಕೋಚ ಬೇಡ.

ಕೋಣೆಯ ಹೊಸ ವಾಸನೆಗೆ ಮದ್ದು ಮನೆಯದೇ ಹೊದಿಕೆ. ಅಜ್ಜಿ ಹೊಲಿದ ಕೌದಿಯಿದ್ದರೆ ಅದೇ ಒಳ್ಳೆಯದು, ಭಾರವೂ ಇರುತ್ತದೆ. ಮಗು ದಿನವೂ ಕೇಳುವ ಫ್ಯಾನಿನ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋಗಿ. ಇನ್ನೊಂದು ಸಣ್ಣ ವಿಚಾರ: 2017ರ ಲಾಸ್ ವೇಗಸ್ ಗುಂಡಿನ ದಾಳಿಯ ನಂತರ ಡಿಸ್ನಿ ವರ್ಲ್ಡ್‌ನ ಹೋಟೆಲುಗಳಲ್ಲಿ ‘ತೊಂದರೆ ಕೊಡಬೇಡಿ’ ಫಲಕ ಹೋಗಿ ‘ಕೋಣೆಯಲ್ಲಿ ಜನರಿದ್ದಾರೆ’ ಎಂಬ ಫಲಕ ಬಂತು, ಸಿಬ್ಬಂದಿ ಬಾಗಿಲು ತಟ್ಟಿ ಒಳಬರುವ ಹಕ್ಕು ಉಳಿಸಿಕೊಂಡಿದ್ದಾರೆ. ಮಗು ಮಲಗುವ ಹೊತ್ತನ್ನು ಮೊದಲ ದಿನವೇ ರಿಸೆಪ್ಶನ್ನಿಗೆ ತಿಳಿಸಿ, ಬರುವ ವೇಳೆ ಗೊತ್ತುಮಾಡಿಕೊಳ್ಳಬೇಕು.

ಹೋಟೆಲಿನ ಬಾಗಿಲ ಮೇಲೆ ‘ಸರ್ಟಿಫೈಡ್ ಆಟಿಸಂ ಸೆಂಟರ್’ ಎಂಬ ಫಲಕ ಕಂಡರೆ ಎಷ್ಟು ನಂಬಬೇಕು? ಈ ಪ್ರಮಾಣಪತ್ರ ಕೊಡುವುದು ಐಬಿಸಿಸಿಇಎಸ್ ಎಂಬ ಸಂಸ್ಥೆ. ಪೆನ್ಸಿಲ್ವೇನಿಯಾದ ಸೆಸಮಿ ಪ್ಲೇಸ್ 2018ರಲ್ಲಿ ಅದನ್ನು ಪಡೆದ ಮೊದಲ ಥೀಮ್ ಪಾರ್ಕು. ವಿಂಟರ್ ಹೇವನ್‌ನ ಪೆಪ್ಪಾ ಪಿಗ್ ಪಾರ್ಕು 2022ರಲ್ಲಿ ತೆರೆಯುವಾಗಲೇ ಪಡೆದಿತ್ತು. ಅತಿಥಿಗಳೊಂದಿಗೆ ವ್ಯವಹರಿಸುವ ಸಿಬ್ಬಂದಿಯಲ್ಲಿ ಕನಿಷ್ಠ ಶೇ. 80 ಮಂದಿಗೆ ತರಬೇತಿ ಆಗಿರಬೇಕೆಂಬುದು ಅದರ ಮುಖ್ಯ ಷರತ್ತು. ಮಗು ನೆಲಕ್ಕೆ ಬಿದ್ದು ಹೊರಳಾಡುವಾಗ ದುರುಗುಟ್ಟಿ ನೋಡದೆ, ಗದರದೆ, ‘ಏನು ಬೇಕು ಹೇಳಿ’ ಎಂದು ಮೆಲ್ಲನೆ ಕೇಳುವ ಒಬ್ಬ ನೌಕರ ಇರುವುದು ಚಿಕ್ಕ ಸಂಗತಿಯಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೆ ಪತ್ರ ಹೇಳುವುದು ತರಬೇತಿಯ ಬಗ್ಗೆ. ಗೋಡೆ ದಪ್ಪವಿದೆಯೇ, ಚಿಲಕ ಭದ್ರವೇ ಎಂಬುದನ್ನು ಅದು ಹೇಳುವುದಿಲ್ಲ. ಡಿಸ್ನಿ ವರ್ಲ್ಡ್‌ನವರು ಈ ಫಲಕ ಹಾಕಿಕೊಳ್ಳದಿದ್ದರೂ ಅಲ್ಲಿಗೆ ಈ ಮಕ್ಕಳ ಕುಟುಂಬಗಳು ಬಹಳ ಹಿಂದಿನಿಂದ ಹೋಗುತ್ತಿವೆ.

ಅದಕ್ಕೆ ಕಾರಣ ಡಿಎಎಸ್ ಎಂಬ ಸೌಲಭ್ಯ. 2013ರಲ್ಲಿ ಬಂದದ್ದು, 2024ರಲ್ಲಿ ಬಿಗಿಯಾಯಿತು. ಆಟಿಸಂ ಅಥವಾ ಅಂಥ ಬೆಳವಣಿಗೆಯ ತೊಂದರೆಯಿಂದ ಉದ್ದ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಲಾಗದವರಿಗೆ ವಿಡಿಯೊ ಕರೆಯಲ್ಲಿ ಮಾತನಾಡಿ ಕೊಡುತ್ತಾರೆ. ಸಾಲು ತಪ್ಪುತ್ತದೆಯೇ ಹೊರತು ಕಾಯುವಿಕೆ ತಪ್ಪುವುದಿಲ್ಲ. ಇಷ್ಟು ಗಂಟೆಗೆ ಬನ್ನಿ ಎಂದು ಸಮಯ ಕೊಡುತ್ತಾರೆ, ಅಲ್ಲಿಯವರೆಗೆ ಬೇರೆಡೆ ಇರಬಹುದು. ಆ ಬೇರೆಡೆ ಯಾವುದು? ನಡೆದು ಹೋಗುವಷ್ಟು ಹತ್ತಿರ ಕೋಣೆಯಿದ್ದವರು ಎಪ್ಪತ್ತು ನಿಮಿಷವನ್ನು ಕೌದಿಯೊಳಗೆ ಕಳೆದು ಬರುತ್ತಾರೆ. ದೂರವಿದ್ದವರು ಅದನ್ನೇ ಬಿಸಿಲಿನ ಕಟ್ಟೆಯ ಮೇಲೆ ಕಳೆಯುತ್ತಾರೆ. ಹತ್ತಿರದ ದುಬಾರಿ ಹೋಟೆಲಿನಲ್ಲಿ ಮೂರು ರಾತ್ರಿಯೋ ದೂರದ ಅಗ್ಗದ ಹೋಟೆಲಿನಲ್ಲಿ ಆರು ರಾತ್ರಿಯೋ ಎಂಬ ಪ್ರಶ್ನೆ ಬಂದರೆ ನನ್ನ ಮತ ಮೂರು ರಾತ್ರಿಗೆ.

ಭಾರತದಿಂದ ಆರ್ಲ್ಯಾಂಡೊಗೆ ಹೋಗುವವರಿಗೆ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಯ ಕಾಲವ್ಯತ್ಯಾಸ. ಮೊದಲೇ ನಿದ್ದೆಯ ತೊಂದರೆಯಿರುವ ಮಗು ನಡುರಾತ್ರಿ ಎದ್ದು ಕೂರುತ್ತದೆ. ಹೋದ ದಿನವೂ ಮರುದಿನವೂ ಪಾರ್ಕಿನ ಟಿಕೆಟು ಬೇಡ, ಹೋಟೆಲು ಮಾತ್ರ ಇರಲಿ. ಡಿಸ್ನಿಯಲ್ಲಿ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ವಿಲ್ಲಾ ಆದರೆ ನಾಲ್ಕಕ್ಕೆ. ಬೆಳಗ್ಗೆ ಬಂದಿಳಿದು ಲಾಬಿಯಲ್ಲಿ ಐದಾರು ಗಂಟೆ ಕಾಯುವ ಬದಲು ಹಿಂದಿನ ರಾತ್ರಿಗೆ ವಿಮಾನ ನಿಲ್ದಾಣದ ಹತ್ತಿರ ಕೋಣೆ ಹಿಡಿಯುವುದು ಲೇಸು. ಟಿಕೆಟು, ಕೋಣೆ ಸೇರಿದ ಪ್ಯಾಕೇಜನ್ನು ಪೂರ್ತಿ ಹಣ ವಾಪಸು ಬರುವಂತೆ ರದ್ದು ಮಾಡಬೇಕಾದರೆ ತಿಂಗಳು ಮೊದಲೇ ಮಾಡಬೇಕು. ಕೋಣೆ ಮಾತ್ರ ಕಾದಿರಿಸಿದರೆ ಹೊರಡುವ ವಾರದವರೆಗೂ ಸಮಯವಿರುತ್ತದೆ. ಈ ಮಕ್ಕಳ ವಿಷಯದಲ್ಲಿ ಆ ಸಡಿಲಿಕೆ ಬೇಕೇ ಬೇಕು.

ಎಲ್ಲಕ್ಕಿಂತ ಮೊದಲು ಮನೆಯ ಹತ್ತಿರದಲ್ಲೇ ಒಂದು ರಾತ್ರಿ ಹೋಟೆಲಿನಲ್ಲಿ ಕಳೆದು ನೋಡಬೇಕು. ಬೆಂಗಳೂರು, ಮೈಸೂರಿನವರಿಗೆ ಬಿಡದಿಯ ವಂಡರ್‌ಲಾ ಇದೆ. 2005ರಲ್ಲಿ ತೆರೆದ ಪಾರ್ಕಿಗೆ 2012ರಿಂದ ಪಕ್ಕದಲ್ಲೇ ರೆಸಾರ್ಟು. ಪಾರ್ಕು, ಮಧ್ಯಾಹ್ನ ಕೋಣೆ, ಮತ್ತೆ ಪಾರ್ಕು ಎಂಬ ಕ್ರಮವನ್ನು ಮಗು ಅಲ್ಲಿ ಅಭ್ಯಾಸ ಮಾಡಬಹುದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಹೆಸರಿಸಿದೆ. ಆದರೂ ಇಲ್ಲಿನ ಹೋಟೆಲುಗಳಲ್ಲಿ ವಿಶೇಷ ಸೌಲಭ್ಯವೆಂದರೆ ಇಳಿಜಾರು ದಾರಿ ಎಂದಷ್ಟೇ ತಿಳಿದವರು ಹೆಚ್ಚು, ಆದ್ದರಿಂದ ಕೇಳಬೇಕಾದವರು ನಾವೇ. ವಾರದ ನಡುವಿನ ದಿನ ಆರಿಸಿಕೊಂಡು ಫೋನ್ ಮಾಡಿ: ಆ ರಾತ್ರಿ ಅಲ್ಲಿ ಮದುವೆಯೋ ಕಂಪನಿಯ ಪಾರ್ಟಿಯೋ ಇದೆಯೇ, ಹಾಡು ಎಷ್ಟು ಗಂಟೆಗೆ ನಿಲ್ಲುತ್ತದೆ, ಜನರೇಟರು ಯಾವ ಕಡೆಗಿದೆ, ಈಜುಕೊಳದ ಗೇಟಿಗೆ ರಾತ್ರಿ ಬೀಗ ಹಾಕುತ್ತಾರೆಯೇ?